ಬಿಎಂಡಬ್ಲ್ಯುನವರು ಇಂಡಿಕೇಟರ್ ಹಾಕಲ್ಲವಂತೆ: ಕಾರಿನ ಜೊತೆ ಬರುವ ಹೆಸರಿನ ವಿಮರ್ಶೆ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಪರವಾಗಿ ಕಾರನ್ನು ಪರೀಕ್ಷೆ ಮಾಡಿ ವರದಿ ಕೊಡುವುದು ನನ್ನ ಕೆಲಸ. ಒಂದು ಟಾರ್ಚು, ಪೇಂಟಿನ ದಪ್ಪ ಅಳೆಯುವ ಮೀಟರು, ಕಾರಿನ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರು, ಟೈರಿನ ಆಳ ನೋಡುವ ಗೇಜು ಯಾವಾಗಲೂ ಚೀಲದಲ್ಲಿರುತ್ತವೆ. ಮಾರುವವರ ಮಾತು ಒಂದು ಕಡೆ, ಕಾರಿನ ಮೇಲೆ ಕಾಣುವುದು ಇನ್ನೊಂದು ಕಡೆ. ವರದಿಯಲ್ಲಿ ನಾನು ಬರೆಯುವುದು ಎರಡನೆಯದನ್ನು.

ಇಂಜಿನ್ ಹೇಗಿದೆ, ಗೇರ್‌ಬಾಕ್ಸ್ ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಪ್ರಶ್ನೆ ಬರುತ್ತದೆ. "ಮೇಡಂ, ಈ ಕಾರು ತಗೊಂಡ್ರೆ ಜನ ನನ್ನನ್ನ ಹೇಗೆ ನೋಡ್ತಾರೆ?" ಕೆಲವರು ಇಷ್ಟು ನೇರವಾಗಿ ಕೇಳುವುದಿಲ್ಲ. "ಆ ಕಂಪನಿ ಗಾಡಿ ಓಡಿಸೋರು ಒಂಥರಾ ಅಂತಾರೆ ಅಲ್ವಾ?" ಅಂತ ಸುತ್ತಿ ಬಳಸಿ ಕೇಳುತ್ತಾರೆ. ಇದು ಹಗುರ ಪ್ರಶ್ನೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕಾರು ಕೊಂಡವರ ಜೊತೆ ಕಾರಿನ ಹೆಸರೂ ಮನೆಗೆ ಬರುತ್ತದೆ. ಅದಕ್ಕೂ ಸೇರಿಸಿಯೇ ನಾವು ದುಡ್ಡು ಕೊಟ್ಟಿರುತ್ತೇವೆ. ಅದಕ್ಕೇ ಈ ಸಲ ಆ ಹೆಸರುಗಳ ವಿಮರ್ಶೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ಹೆಸರು ಕಾರಿನ ಬಗ್ಗೆ ಒಂದಿಷ್ಟು ನಿಜ ಹೇಳುತ್ತದೆ. ಬಹಳ ಸಲ ಅದು ಹಳೆಯ ನಿಜ. ಓಡಿಸುವವರ ಬಗ್ಗೆ ಅದು ಹೇಳುವುದು ತುಂಬಾ ಕಡಿಮೆ. ಓಡಿಸಿದವರು ಎಂಥವರು ಅಂತ ತಿಳಿಯಬೇಕಾದರೆ ಬಗ್ಗಿ ಟೈರು ನೋಡಬೇಕು, ಬ್ರೇಕ್ ಡಿಸ್ಕು ನೋಡಬೇಕು, ಸರ್ವಿಸ್ ಬಿಲ್ಲು ತೆಗೆಸಿ ಓದಬೇಕು.

ಬಿಎಂಡಬ್ಲ್ಯುದಿಂದ ಶುರು ಮಾಡುತ್ತೇನೆ. ಇದರ ಚಾಲಕರಿಗೆ ಬಂದಿರುವಷ್ಟು ಕೆಟ್ಟ ಹೆಸರು ಬೇರೆ ಯಾರಿಗೂ ಬಂದಿಲ್ಲ. ಹಿಂದಿನಿಂದ ಮೈಮೇಲೆ ಬರುವ ಹಾಗೆ ಬರುತ್ತಾರೆ, ಲೈಟ್ ಹೊಡೆಯುತ್ತಾರೆ, ಇಂಡಿಕೇಟರ್ ಮಾತ್ರ ಹಾಕುವುದೇ ಇಲ್ಲ ಅನ್ನುವ ಮಾತು ಎಲ್ಲ ಕಡೆ ಇದೆ.

ಇಂಡಿಕೇಟರ್ ವಿಷಯ ಬಂದರೆ ನಾನು ಒಂದು ವಿವರ ಹೇಳದೆ ಬಿಡುವುದಿಲ್ಲ. ಮಾಮೂಲಿ ಕಾರಿನಲ್ಲಿ ಇಂಡಿಕೇಟರ್ ಲಿವರ್ ಒತ್ತಿದರೆ ಟಕ್ ಅಂತ ಅಲ್ಲೇ ಕೂರುತ್ತದೆ. ತಿರುವು ಮುಗಿದು ಸ್ಟಿಯರಿಂಗ್ ವಾಪಸ್ ಬರುವಾಗ ಲಿವರ್ ಮಧ್ಯಕ್ಕೆ ಬರುತ್ತದೆ. 2003ರಲ್ಲಿ ಬಂದ ಬಿಎಂಡಬ್ಲ್ಯು 5 ಸೀರೀಸ್ (ಇ60 ಪೀಳಿಗೆ), 2005ರಲ್ಲಿ ಬಂದ 3 ಸೀರೀಸ್ (ಇ90 ಪೀಳಿಗೆ) ಕಾರುಗಳಲ್ಲಿ ಹಾಗಲ್ಲ. ಲಿವರನ್ನು ಎಷ್ಟು ಒತ್ತಿದರೂ ಕೈ ಬಿಟ್ಟ ತಕ್ಷಣ ಮಧ್ಯಕ್ಕೆ ಬಂದುಬಿಡುತ್ತದೆ. ಮೆಲ್ಲಗೆ ಒತ್ತಿದರೆ ದೀಪ ಮೂರು ಸಲ ಮಿನುಗಿ ನಿಲ್ಲುತ್ತದೆ. ಪೂರ್ತಿ ಒತ್ತಿದರೆ ಮಿನುಗುತ್ತಲೇ ಇರುತ್ತದೆ. ಅದನ್ನು ಆರಿಸಲು ಹೋಗಿ ಕೈ ಸ್ವಲ್ಪ ಜೋರಾದರೆ ಇನ್ನೊಂದು ಕಡೆಯ ದೀಪ ಶುರುವಾಗುತ್ತದೆ. ಲಿವರ್ ನೋಡಿ ಯಾವ ಕಡೆ ಹಾಕಿದ್ದೇವೆ ಅಂತ ಹೇಳಲು ಬರುವುದಿಲ್ಲ, ಡ್ಯಾಶ್‌ಬೋರ್ಡ್ ನೋಡಬೇಕು. ಹೊಸದಾಗಿ ಕೂತವರಿಗೆ ಗೊಂದಲ ಆಗುವುದು ಸಹಜ. ಹಿಂದಿನ ಕಾರಿನವರಿಗೆ ಈ ಲಿವರ್ ಕಾಣುವುದಿಲ್ಲ. ಅವರಿಗೆ ಕಾಣುವುದು ತಪ್ಪು ಕಡೆ ಮಿನುಗುವ ದೀಪ ಮತ್ತು ಅದರ ಪಕ್ಕದ ನೀಲಿ ಬಿಳಿ ಲೋಗೊ.

ಕೆಟ್ಟ ಹೆಸರು ಬಂದಿದ್ದೇ ಈ ಲಿವರ್‌ನಿಂದ ಅಂತ ನಾನು ಹೇಳುತ್ತಿಲ್ಲ. ಆ ಹೆಸರು ಇದಕ್ಕಿಂತ ಹಳೆಯದು. 1980ರ ದಶಕದಲ್ಲೇ ಅದು ಬೇಗ ದುಡ್ಡು ಮಾಡಿದ ಯುವಕರ ಕಾರು ಅನ್ನಿಸಿಕೊಂಡಿತ್ತು. ಕಂಪನಿಯ ಜಾಹೀರಾತೂ ಅದೇ ದಿಕ್ಕಿನಲ್ಲಿತ್ತು. 1970ರ ದಶಕದಿಂದ ಅಮೆರಿಕದಲ್ಲಿ ಅವರು ಮಾರಿದ್ದು ಓಡಿಸುವ ಸುಖವನ್ನು. ಹಿಂದಿನ ಚಕ್ರಕ್ಕೆ ಶಕ್ತಿ, ಮುಂದೆ ಹಿಂದೆ ಹೆಚ್ಚು ಕಡಿಮೆ ಸಮ ತೂಕ, ಕೈಗೆ ರಸ್ತೆ ಗೊತ್ತಾಗುವ ಸ್ಟಿಯರಿಂಗ್. ಓಡಿಸಲು ಇಷ್ಟಪಡುವವರು ಇಂಥ ಕಾರಿನ ಕಡೆ ಬಂದೇ ಬರುತ್ತಾರೆ. ಅವರಲ್ಲಿ ಕೆಲವರು ಜೋರಾಗಿ ಓಡಿಸುವವರು. ಎಲ್ಲರೂ ಅಲ್ಲ.

ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಯಾನ್ ಎರಿಕ್ ಲೋನ್‌ಕ್ವಿಸ್ಟ್ ಮತ್ತು ಜೊತೆಯವರು 1,892 ಕಾರು ಮಾಲೀಕರ ಸ್ವಭಾವ ಕೇಳಿ ತಿಳಿದುಕೊಂಡರು. ಜಗಳಗಂಟ, ಹಟಮಾರಿ, ಬೇರೆಯವರ ಕಷ್ಟ ಅರ್ಥ ಮಾಡಿಕೊಳ್ಳದ ಗಂಡಸರ ಬಳಿ ಆಡಿ, ಬಿಎಂಡಬ್ಲ್ಯು, ಮರ್ಸಿಡಿಸ್‌ನಂಥ ಕಾರು ಇರುವ ಸಂಭವ ಜಾಸ್ತಿ ಅಂತ ಕಂಡುಬಂತು. ಈ ಅರ್ಧ ಭಾಗ ಪ್ರಪಂಚವೆಲ್ಲ ಸುತ್ತಿತು. ನೋಡಿ, ವಿಜ್ಞಾನವೇ ಹೇಳಿಬಿಟ್ಟಿತು ಅಂತ ಜನ ಖುಷಿಪಟ್ಟರು.

ಉಳಿದರ್ಧ ಯಾರಿಗೂ ಬೇಕಾಗಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪೂ ಇತ್ತು. ಶಿಸ್ತಿನವರು, ಒಪ್ಪಿಕೊಂಡ ಕೆಲಸ ಮುಗಿಸುವವರು, ಜವಾಬ್ದಾರಿ ಇರುವವರು. ಇಂಥವರೂ ಅದೇ ಕಾರುಗಳ ಕಡೆ ಹೋಗುತ್ತಾರೆ. ಇವರಲ್ಲಿ ಹೆಂಗಸರೂ ಇದ್ದಾರೆ, ಗಂಡಸರೂ ಇದ್ದಾರೆ. ಗಟ್ಟಿಯಾಗಿ, ಸರಿಯಾಗಿ ಮಾಡಿದ ವಸ್ತು ಬೇಕು ಅನ್ನುವ ಸ್ವಭಾವ ಅದು.

ಈ ಎರಡನೇ ಗುಂಪಿನವರನ್ನು ನಾನು ಕೆಲಸದಲ್ಲಿ ದಿನವೂ ನೋಡುತ್ತೇನೆ. ಇವರ ಕಾರಿನಲ್ಲಿ ದಪ್ಪ ಫೈಲು ಇರುತ್ತದೆ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮುಂಚೆಯೇ ಆಯಿಲ್ ಬದಲಾಯಿಸಿರುತ್ತಾರೆ. ನಾಲ್ಕೂ ಟೈರು ಒಂದೇ ಕಂಪನಿಯವು, ಒಂದೇ ಮಾದರಿಯವು. ಟೈರಿನ ಪಕ್ಕದಲ್ಲಿ ಡಿಒಟಿ ಸಂಖ್ಯೆ ಇರುತ್ತದೆ. ಕೊನೆಯ ನಾಲ್ಕು ಅಂಕಿ 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದ ಟೈರು. ನಾಲ್ಕರಲ್ಲೂ ಆ ಸಂಖ್ಯೆ ಹತ್ತಿರ ಹತ್ತಿರ ಇದ್ದರೆ ನನಗೆ ಮಾಲೀಕರ ಮೇಲೆ ಗೌರವ ಬರುತ್ತದೆ. ಲೋಗೊ ಯಾವುದೇ ಇರಲಿ.

ಜೋರು ಓಡಿಸಿದ ಗುರುತೂ ಅಡಗುವುದಿಲ್ಲ. ಮುಂದಿನ ಟೈರಿನ ಹೊರ ಅಂಚು ಸವೆದಿರುತ್ತದೆ. ಬ್ರೇಕ್ ಡಿಸ್ಕ್ ಅತಿಯಾಗಿ ಕಾದು ನೀಲಿ ಬಣ್ಣ ತಿರುಗಿರುತ್ತದೆ. ಪೋರ್ಷೆ ಕಾರುಗಳಲ್ಲಂತೂ ಇಂಜಿನ್ ಮಿತಿ ಮೀರಿ ತಿರುಗಿದ್ದನ್ನು ಕಂಪ್ಯೂಟರ್ ಹಂತ ಹಂತವಾಗಿ ಬರೆದಿಟ್ಟಿರುತ್ತದೆ. ಸ್ಕ್ಯಾನರ್ ಹಾಕಿ ಓದಿದರೆ ಯಾವ ಹಂತದಲ್ಲಿ ಎಷ್ಟು, ಇಂಜಿನ್ ಎಷ್ಟು ಗಂಟೆ ಓಡಿದ್ದಾಗ ಅಂತೆಲ್ಲ ಸಿಗುತ್ತದೆ. ಇದಕ್ಕಿಂತ ಖಚಿತವಾಗಿ ಒಬ್ಬ ಚಾಲಕರ ಬಗ್ಗೆ ಯಾವ ಬ್ರಾಂಡಿನ ಹೆಸರೂ ಹೇಳಲಾರದು.

ಇಲ್ಲೇ ಹಾರ್ನ್ ಅಧ್ಯಯನದ ಬಗ್ಗೆಯೂ ಹೇಳಿಬಿಡುತ್ತೇನೆ. ನನಗೆ ತುಂಬಾ ಇಷ್ಟವಾದ ಪ್ರಯೋಗ ಅದು. 1968ರಲ್ಲಿ ಡೂಬ್ ಮತ್ತು ಗ್ರಾಸ್ ಅನ್ನುವ ಇಬ್ಬರು ಸಂಶೋಧಕರು ಕ್ಯಾಲಿಫೋರ್ನಿಯಾದಲ್ಲಿ ಮಾಡಿದ್ದನ್ನು ಪ್ರಕಟಿಸಿದರು. ಸಿಗ್ನಲ್ ಹಸಿರಾದರೂ ಕಾರು ಮುಂದೆ ಹೋಗುವುದಿಲ್ಲ. ಹಿಂದಿನವರು ಎಷ್ಟು ಹೊತ್ತಿಗೆ ಹಾರ್ನ್ ಹೊಡೆಯುತ್ತಾರೆ ಅಂತ ಲೆಕ್ಕ. ಕೆಲವೊಮ್ಮೆ ಮುಂದೆ ನಿಂತದ್ದು ಹೊಳೆಯುವ ದುಬಾರಿ ಕ್ರೈಸ್ಲರ್, ಕೆಲವೊಮ್ಮೆ ಹಳೆಯ ಸಾಮಾನ್ಯ ಕಾರು. ಹಳೆ ಕಾರಿಗೆ 100ಕ್ಕೆ 84 ಜನ ಹಾರ್ನ್ ಹೊಡೆದರು. ಕ್ರೈಸ್ಲರ್‌ಗೆ 50 ಜನ ಮಾತ್ರ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ವಿದ್ಯಾರ್ಥಿಗಳನ್ನು ಬೇರೆಯಾಗಿ ಕೇಳಿದಾಗ, ಹುಡುಗರು ದುಬಾರಿ ಕಾರಿಗೇ ಬೇಗ ಹೊಡೆಯುತ್ತಿದ್ದೆವು ಅಂದರು. ರಸ್ತೆಯಲ್ಲಿ ನಡೆದಿದ್ದು ಅದರ ಉಲ್ಟಾ.

ಕಾರಿನ ಹೆಸರು ಒಳಗೆ ಕೂತವರಿಗಿಂತ ಹೊರಗೆ ನಿಂತವರನ್ನು ಜಾಸ್ತಿ ಬದಲಾಯಿಸುತ್ತದೆ ಅಂತ ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ. ಇಂಡಿಕೇಟರ್ ಹಾಕದ ಬಿಎಂಡಬ್ಲ್ಯು ನೆನಪಿನಲ್ಲಿ ಉಳಿಯುತ್ತದೆ. ಸರಿಯಾಗಿ ಹಾಕಿ ಹೋದದ್ದನ್ನು ಯಾರೂ ಲೆಕ್ಕ ಇಡುವುದಿಲ್ಲ. ಹೆಸರಿಲ್ಲದ ಯಾವುದೋ ಬೂದು ಬಣ್ಣದ ಕಾರು ಹಾಕದಿದ್ದರೆ ಬೈದು ಮರೆತುಬಿಡುತ್ತೇವೆ.

ಈಗ ಬೇರೆ ವಿಷಯ, ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಆಡಿ ಎ3 ಓಡಿಸುವವರು ಹಿಂದೆ ಬಿದ್ದು ಬರುತ್ತಾರೆ ಅಂತಾರೆ. ಫೋಕ್ಸ್‌ವ್ಯಾಗನ್ ಗಾಲ್ಫ್‌ನವರು ಲೆಕ್ಕಾಚಾರದವರು. ಸೀಟ್ ಅನ್ನುವ ಕಂಪನಿಯ ಲಿಯಾನ್ ಓಡಿಸುವವರು ಹುಡುಗಾಟದ ಹುಡುಗರು. ಸ್ಕೋಡಾ ಆಕ್ಟೇವಿಯಾದವರು ಸಂಸಾರವಂತರು, ಇಲ್ಲವೇ ಟ್ಯಾಕ್ಸಿಯವರು. ನಾಲ್ಕು ಹೆಸರು, ನಾಲ್ಕು ಸ್ವಭಾವ. ಆದರೆ 1996ರ ಎ3, 1996ರ ಆಕ್ಟೇವಿಯಾ, 1997ರ ನಾಲ್ಕನೇ ಪೀಳಿಗೆಯ ಗಾಲ್ಫ್, 1999ರ ಲಿಯಾನ್ ಇವೆಲ್ಲ ಒಂದೇ ಅಡಿಪಾಯದ ಮೇಲೆ ಕಟ್ಟಿದ ಕಾರುಗಳು. ನಾಲ್ಕೂ ಫೋಕ್ಸ್‌ವ್ಯಾಗನ್ ಗುಂಪಿನವೇ, ಆ ಅಡಿಪಾಯಕ್ಕೆ ಪಿಕ್ಯೂ34 ಅಂತ ಗುಂಪಿನೊಳಗಿನ ಹೆಸರು. 1.9 ಲೀಟರಿನ ಟಿಡಿಐ ಡೀಸೆಲ್ ಇಂಜಿನ್ ನಾಲ್ಕರಲ್ಲೂ ಸಿಗುತ್ತಿತ್ತು. ಬಾನೆಟ್ ಎತ್ತಿ, ಮುಚ್ಚಳಗಳನ್ನು ಬಿಚ್ಚಿ ನೋಡಿದರೆ ನನಗೆ ಅದೇ ಬೋಲ್ಟು, ಅದೇ ಬ್ರಾಕೆಟ್ಟು, ಅದೇ ಪಾರ್ಟ್ ನಂಬರ್ ಸಿಗುತ್ತದೆ. ಸೀಟಿನ ಬಟ್ಟೆ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಸಸ್ಪೆನ್ಶನ್ ಹೊಂದಿಸಿರುವ ರೀತಿ ಇವೆಲ್ಲ ಬೇರೆ. ಆ ವ್ಯತ್ಯಾಸಕ್ಕೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆಡಿ ಮುಂದಕ್ಕೆ ನುಗ್ಗುತ್ತದೆ, ಸ್ಕೋಡಾ ಸುಮ್ಮನಿರುತ್ತದೆ ಅನ್ನುವ ಯಾವ ಕಾರಣವೂ ಲೋಹದಲ್ಲಿ ಇಲ್ಲ.

ಸ್ಕೋಡಾ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಒಂದು ಹೆಸರು ಎಷ್ಟು ಕೆಳಕ್ಕೆ ಹೋಗಿ ಎಷ್ಟು ಮೇಲೆ ಬರಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1895ರಲ್ಲಿ ಲಾರಿನ್ ಮತ್ತು ಕ್ಲೆಮೆಂಟ್ ಅನ್ನುವ ಇಬ್ಬರು ಸೈಕಲ್ ಮಾಡುವುದರಿಂದ ಶುರು ಮಾಡಿದ ಕಂಪನಿ ಅದು. 1980ರ ದಶಕದ ಹೊತ್ತಿಗೆ ಬ್ರಿಟನ್ನಿನಲ್ಲಿ ಅದರ ಹೆಸರೇ ನಗೆಗೆ ಕಾರಣವಾಗಿತ್ತು. ಹಿಂದಿನ ಗಾಜಿಗೆ ಹೀಟರ್ ಯಾಕೆ ಕೊಟ್ಟಿದ್ದಾರೆ ಗೊತ್ತಾ, ತಳ್ಳುವಾಗ ಕೈ ಬೆಚ್ಚಗಿರಲಿ ಅಂತ, ಇಂಥ ಜೋಕುಗಳು. ಅದೇ ಕಾಲದಲ್ಲಿ ಹಿಂದೆ ಇಂಜಿನ್ ಇದ್ದ ಅದೇ ಕಾರುಗಳು ರ್‍ಯಾಲಿಗಳಲ್ಲಿ ತಮ್ಮ ದರ್ಜೆಯಲ್ಲಿ ಗೆಲ್ಲುತ್ತಿದ್ದವು. ಜೋಕು ಹೇಳುವವರಿಗೆ ಅದು ಬೇಕಿರಲಿಲ್ಲ.

1991ರಲ್ಲಿ ಫೋಕ್ಸ್‌ವ್ಯಾಗನ್ ಸ್ಕೋಡಾದಲ್ಲಿ ಪಾಲು ಕೊಂಡಿತು. 1996ರಲ್ಲಿ ಆಕ್ಟೇವಿಯಾ ಬಂತು. ಕಾರು ಆಗಲೇ ಬದಲಾಗಿತ್ತು, ಹೆಸರು ಬದಲಾಗಿರಲಿಲ್ಲ. 2000ರಲ್ಲಿ ಬ್ರಿಟನ್ನಿನಲ್ಲಿ ಫೇಬಿಯಾ ಅನ್ನುವ ಹೊಸ ಕಾರು ಬಿಟ್ಟಾಗ ಕಂಪನಿ ಒಂದು ಧೈರ್ಯದ ಕೆಲಸ ಮಾಡಿತು. ಇದು ನಿಜವಾಗಲೂ ಸ್ಕೋಡಾನೇ ಅಂದರೆ ಜನ ನಂಬುವುದಿಲ್ಲ ಅನ್ನುವುದನ್ನೇ ಜಾಹೀರಾತು ಮಾಡಿತು. ಅದು ಕೆಲಸ ಮಾಡಿತು. ಆದರೆ ನಡುವಿನ ಆ ನಾಲ್ಕೈದು ವರ್ಷ ಯೋಚಿಸಿ. ಗಾಲ್ಫ್‌ನ ಮೂಳೆ ಮಾಂಸ ಇದ್ದ ಕಾರು, ಗಾಲ್ಫ್‌ಗಿಂತ ದೊಡ್ಡ ಡಿಕ್ಕಿ, ಕಡಿಮೆ ಬೆಲೆ. ಜನರ ಮಾತಿಗೆ ಹೆದರಿ ಬಿಟ್ಟವರು ಬಿಟ್ಟರು. ತಲೆ ಕೆಡಿಸಿಕೊಳ್ಳದವರು ಒಳ್ಳೆಯ ಕಾರು ಕಡಿಮೆಗೆ ತೆಗೆದುಕೊಂಡರು. ಕಾರು ಬದಲಾಗಿ ಎಷ್ಟೋ ವರ್ಷದ ಮೇಲೆ ಹೆಸರು ಬದಲಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಲಾಭ ಇರುವುದು ಆ ಅಂತರದಲ್ಲೇ.

ಅಂತರ ಉಲ್ಟಾ ದಿಕ್ಕಿನಲ್ಲೂ ಇರುತ್ತದೆ, ಅಲ್ಲಿ ನಷ್ಟ. ಒಳ್ಳೆಯ ಹೆಸರಿನ ಕಾರು ಅಂದ ತಕ್ಷಣ ಕೊಳ್ಳುವವರು ಮೈಮರೆಯುತ್ತಾರೆ.

ವೋಲ್ವೊ ತೆಗೆದುಕೊಳ್ಳಿ. ಸುರಕ್ಷತೆ ಅಂದರೆ ವೋಲ್ವೊ, ವೋಲ್ವೊ ಅಂದರೆ ಮಕ್ಕಳನ್ನು ಕರೆದುಕೊಂಡು ನಿಧಾನವಾಗಿ ಹೋಗುವವರು. ಕಾರಿನ ಬಗ್ಗೆ ಹೇಳುವ ಮೊದಲರ್ಧ ದುಡಿದು ಗಳಿಸಿದ ಹೆಸರು. ವಿಮಾನದ ಇಜೆಕ್ಷನ್ ಸೀಟಿನ ಕೆಲಸ ಮಾಡಿದ್ದ ನಿಲ್ಸ್ ಬೋಲಿನ್ ಅನ್ನುವ ಇಂಜಿನಿಯರ್ ವೋಲ್ವೊಗೆ ಬಂದು ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಮಾಡಿದರು. 1959ರಲ್ಲಿ ಅದು ಕಾರಿಗೆ ಬಂತು. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಲಿ ಅಂತ ವೋಲ್ವೊ ಬಿಟ್ಟುಕೊಟ್ಟಿತು. ಇವತ್ತು ಯಾವ ಕಾರಿನಲ್ಲಿ ಕೂತರೂ ಎದೆಯ ಮೇಲೆ ಬರುವುದು ಅದೇ ಬೆಲ್ಟು. ಇಂಥ ಕೆಲಸ ಮಾಡಿದ ಕಂಪನಿಗೆ ಒಳ್ಳೆಯ ಹೆಸರು ಬರಲೇಬೇಕು. ಬಂದದ್ದು ನನಗೆ ಸಂತೋಷ.

ಇನ್ನರ್ಧ, ಓಡಿಸುವವರೆಲ್ಲ ಮೆತ್ತಗಿನವರು ಅನ್ನುವುದು, ಬರೀ ಊಹೆ. 1994ರಲ್ಲಿ ವೋಲ್ವೊ ತನ್ನ 850 ಎಸ್ಟೇಟ್ ಕಾರನ್ನು ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೆ ಇಳಿಸಿತ್ತು. ಸಾಮಾನು ತುಂಬುವ ಉದ್ದನೆಯ ಕಾರು, ರೇಸ್ ಟ್ರ್ಯಾಕಿನಲ್ಲಿ! 2020ರಿಂದ ತನ್ನ ಹೊಸ ಕಾರುಗಳಿಗೆಲ್ಲ ಗಂಟೆಗೆ 180 ಕಿಲೋಮೀಟರಿನ ಮಿತಿ ಹಾಕಿತು. ವೋಲ್ವೊ ಓಡಿಸುವವರೆಲ್ಲ ಹುಟ್ಟಾ ನಿಧಾನದವರಾಗಿದ್ದರೆ ಆ ಮಿತಿಯ ಅಗತ್ಯವೇ ಬರುತ್ತಿರಲಿಲ್ಲ.

ಅದಕ್ಕೇ ಸುರಕ್ಷಿತ ಅನ್ನುವ ಹೆಸರಿನ ಕಾರು ಬಂದಾಗ ನಾನು ಮೊದಲು ಬೆಲ್ಟನ್ನೇ ನೋಡುತ್ತೇನೆ. ಪ್ರತಿ ಬೆಲ್ಟನ್ನೂ ಕೊನೆಯವರೆಗೆ ಎಳೆಯುತ್ತೇನೆ. ಬುಡದಲ್ಲಿ ಒಂದು ಚೀಟಿ ಹೊಲಿದಿರುತ್ತದೆ, ಅದರ ಮೇಲೆ ತಯಾರಾದ ದಿನಾಂಕ ಇರುತ್ತದೆ. ಕಾರು ತಯಾರಾಗಿ ಮೂರು ವರ್ಷ ಆದಮೇಲಿನ ದಿನಾಂಕ ಬೆಲ್ಟಿನ ಮೇಲಿದ್ದರೆ ಪ್ರಶ್ನೆ ಕೇಳಬೇಕು. ಅಪಘಾತದಲ್ಲಿ ಬೆಲ್ಟನ್ನು ತಟ್ಟನೆ ಬಿಗಿ ಮಾಡುವ ಪ್ರಿಟೆನ್ಶನರ್ ಸಿಡಿದರೆ ಬೆಲ್ಟ್ ಬದಲಾಯಿಸಲೇಬೇಕು. ಗಾಜಿನ ಮೇಲಿನ ಸಂಕೇತವನ್ನೂ ನೋಡುತ್ತೇನೆ. ಎಲ್ಲ ಗಾಜೂ ಒಂದು ವರ್ಷದ್ದು, ಒಂದು ಬಾಗಿಲಿನದು ಮಾತ್ರ ಬೇರೆ ವರ್ಷದ್ದಾದರೆ ಅಲ್ಲಿ ಪೇಂಟ್ ಮೀಟರ್ ಇಡುತ್ತೇನೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಒಳಗಿರುತ್ತದೆ. 400, 500 ತೋರಿಸಿದರೆ ಅಲ್ಲಿ ಯಾರೋ ಕೆಲಸ ಮಾಡಿದ್ದಾರೆ. ಮಾರುವವರು ಎಷ್ಟೇ ಸೌಮ್ಯವಾಗಿ ಮಾತಾಡಲಿ.

ಟೊಯೋಟಾದ್ದೂ ಇದೇ ಜಾತಿಯ ಹೆಸರು. 1966ರಲ್ಲಿ ಶುರುವಾದ ಕೊರೊಲಾ 2021ರ ಹೊತ್ತಿಗೆ 5 ಕೋಟಿ ದಾಟಿತು. ಅಷ್ಟು ಜನರನ್ನು ಒಂದೇ ಮಾತಿನಲ್ಲಿ ಬೋರ್ ಹೊಡೆಸುವವರು ಅಂತ ಹೇಳಿಬಿಡುವುದು ನನಗೆ ಅನ್ಯಾಯ ಅನ್ನಿಸುತ್ತದೆ. ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಬೇಕು ಅಂತ ಬಯಸುವುದು ಬೋರ್ ಆಗುವ ಸ್ವಭಾವ ಅಲ್ಲ. ನರ್ಸು, ಮೇಷ್ಟ್ರು, ರಾತ್ರಿ ಪಾಳಿಯವರು ಇವರಿಗೆಲ್ಲ ಅದು ದೊಡ್ಡ ವಿಷಯ. ಅದೇ ಕಂಪನಿ 2020ರಲ್ಲಿ ಮೂರು ಸಿಲಿಂಡರಿನ ಟರ್ಬೊ ಇಂಜಿನ್ ಹಾಕಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು ಜಿಆರ್ ಯಾರಿಸ್ ಮಾಡಿದೆ ಅನ್ನುವುದನ್ನೂ ಮರೆಯಬಾರದು. ನನ್ನ ಒಂದೇ ಎಚ್ಚರಿಕೆ ಏನೆಂದರೆ, ಯಾವ ಬ್ರಾಂಡಿನದ್ದೇ ಆಗಲಿ, "ಈ ಗಾಡಿಗೆ ಏನೂ ಆಗಲ್ಲ ಬಿಡಿ" ಅನ್ನುವ ಹೆಸರಿನ ಕಾರನ್ನು ಕೆಲವರು ನಿಜವಾಗಲೂ ಹಾಗೇ ಬಿಟ್ಟಿರುತ್ತಾರೆ. ಆಯಿಲ್ ತುಂಬುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿದ್ದರೆ ಹೆಸರು ಎಷ್ಟು ದೊಡ್ಡದಾದರೂ ವಾಪಸ್ ಬನ್ನಿ.

ಮರ್ಸಿಡಿಸ್ ಬಗ್ಗೆ ಚಿಕ್ಕದಾಗಿ. ಡಬ್ಲ್ಯು123 ಅನ್ನುವ ಮಾದರಿ 1976ರಿಂದ 1986ರವರೆಗೆ ಸುಮಾರು 27 ಲಕ್ಷ ತಯಾರಾಯಿತು. ಒಂದು ದೇಶದಲ್ಲಿ ಅದು ಧಣಿಗಳ ಕಾರು, ಇನ್ನೊಂದು ದೇಶದಲ್ಲಿ ಟ್ಯಾಕ್ಸಿ. ಎರಡೂ ಕಡೆ ಅದೇ ಡೀಸೆಲ್ ಇಂಜಿನ್. ಕಾರು ಚಾಲಕರ ಗುಣ ಹೇಳುತ್ತದೆ ಅನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಆಡಿಯ ಕತೆ ಓದಿದಾಗ ನನಗೆ ಬೇಜಾರಾಗಿತ್ತು. 1986ರಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮದಲ್ಲಿ ಆಡಿ ಕಾರುಗಳು ತಾವಾಗೇ ನುಗ್ಗುತ್ತವೆ ಅಂತ ಬಂತು. ಅಲ್ಲಿನ ಮಾರಾಟ 1985ರಲ್ಲಿ ಸುಮಾರು 74 ಸಾವಿರ ಇದ್ದದ್ದು 1991ರಲ್ಲಿ ಸುಮಾರು 12 ಸಾವಿರಕ್ಕೆ ಬಿತ್ತು. 1989ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ತನಿಖೆ ಮುಗಿಸಿ, ಹೆಚ್ಚಿನ ಘಟನೆಗಳಲ್ಲಿ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದೇ ಕಾರಣ ಅಂದಿತು. ಇವತ್ತು ಆಟೊಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತದೆ ಗೇರು ಪಾರ್ಕಿನಿಂದ ಹೊರಗೆ ಬರುವುದಿಲ್ಲ ಅಲ್ವಾ, ಆ ಏರ್ಪಾಡು ಎಲ್ಲ ಕಡೆ ಹಬ್ಬಲು ಈ ಗಲಾಟೆಯೂ ಒಂದು ಕಾರಣ. ತನಿಖೆಯ ಉತ್ತರ ಬಂದರೂ ಹೆಸರು ಏಳಲು ಎಷ್ಟೋ ವರ್ಷ ಹಿಡಿಯಿತು.

ಫೋಕ್ಸ್‌ವ್ಯಾಗನ್ ಡೀಸೆಲ್ ಮಾತು ಬೇರೆ. 2015ರ ಸೆಪ್ಟೆಂಬರಿನಲ್ಲಿ ಹೊಗೆ ಪರೀಕ್ಷೆಗೆ ಮೋಸ ಮಾಡುವ ಸಾಫ್ಟ್‌ವೇರ್ ಹಾಕಿದ್ದು ಬಯಲಾಯಿತು. ಪ್ರಪಂಚದಲ್ಲಿ ಸುಮಾರು 1.1 ಕೋಟಿ ಕಾರುಗಳು. ಅಲ್ಲಿ ತಪ್ಪು ಕಂಪನಿಯದೇ. ಆದರೆ ಆ ಕಾರು ಕೊಂಡವರಲ್ಲಿ ಎಷ್ಟೋ ಜನ ಕಡಿಮೆ ಹೊಗೆ ಅಂತ ನಂಬಿ, ಯೋಚಿಸಿ ಕೊಂಡವರು. ಅವರನ್ನು ನೋಡಿ ಮೂಗು ಮುರಿದದ್ದು ಸರಿಯಲ್ಲ.

ಟೆಸ್ಲಾದಲ್ಲಿ ಇದೆಲ್ಲ ಇನ್ನೂ ಬೇಗ ನಡೆಯಿತು. ಮಾಡೆಲ್ ಎಸ್ ಬಂದ 2012ರಲ್ಲಿ ಅದನ್ನು ಓಡಿಸುವವರು ಪರಿಸರದ ಕಾಳಜಿ ಇರುವವರು ಅನ್ನಿಸಿಕೊಂಡರು. ಆಮೇಲೆ ತಂತ್ರಜ್ಞಾನದ ಹುಚ್ಚಿನವರು ಅನ್ನಿಸಿಕೊಂಡರು. ಈಚೆಗೆ ಮುಖ್ಯಸ್ಥರ ರಾಜಕೀಯದ ಕಾರಣಕ್ಕೆ, ನಾವು ಇದನ್ನು ಮುಂಚೆಯೇ ಕೊಂಡಿದ್ದು ಅಂತ ಹಿಂದೆ ಸ್ಟಿಕರ್ ಅಂಟಿಸಿಕೊಂಡು ಓಡಾಡುವವರೂ ಇದ್ದಾರೆ. ಬ್ಯಾಟರಿ ಅದೇ, ಮೋಟರ್ ಅದೇ, ಒಳಗೆ ಕೂತವರೂ ಅವರೇ. ಅವರ ಬಗ್ಗೆ ನಾವು ಹೇಳುವುದು ಮಾತ್ರ ಎರಡು ಸಲ ಬದಲಾಯಿತು.

ಹಾಗಾದರೆ ಹೆಸರಿಗೆ ದುಡ್ಡು ಕೊಡಲೇಬಾರದಾ? ಕೊಡಬಹುದು. ಮತ್ತೆ ಮಾರುವಾಗ ಒಳ್ಳೆಯ ಹೆಸರಿನ ಕಾರಿಗೆ ಬೆಲೆ ಸಿಗುತ್ತದೆ, ಅದು ನಿಜವಾದ ದುಡ್ಡು. ಜಾಸ್ತಿ ಓಡುವ ಕಾರಿಗೆ ಬಿಡಿ ಭಾಗ ಬೇಗ ಸಿಗುತ್ತದೆ, ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾರೆ. ವಿಮೆಯ ಕಂಪನಿ ಆ ಮಾದರಿಗೆ ಎಷ್ಟು ಕೇಳುತ್ತದೆ ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ. ಅವರ ಬಳಿ ಮಾದರಿಗೊಂದು ಲೆಕ್ಕ ಇರುತ್ತದೆ. ಇಷ್ಟಕ್ಕೆ ಹೆಸರಿಗೆ ನಾನು ಒಳ್ಳೆಯ ಅಂಕ ಕೊಡುತ್ತೇನೆ. ಮನುಷ್ಯರನ್ನು ಅಳೆಯುವ ಸಾಧನ ಅಂತ ನೋಡಿದರೆ ಒಂದು ಅಂಕವೂ ಕೊಡುವುದಿಲ್ಲ.

ಕೊನೆಗೆ ಮಜ್ದಾ ಎಂಎಕ್ಸ್-5. ಇದನ್ನು ಬಿಟ್ಟು ಮುಗಿಸಲು ನನಗೆ ಮನಸ್ಸಿಲ್ಲ. 1989ರಲ್ಲಿ ಶಿಕಾಗೊ ಕಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಎರಡು ಸೀಟಿನ ಪುಟ್ಟ ಕಾರು. ಮೊದಲ ಪೀಳಿಗೆಯ ತೂಕ ಒಂದು ಟನ್ನಿನ ಆಸುಪಾಸು. ಮುಂದೆ ಇಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಮಣಿಕಟ್ಟು ತಿರುಗಿಸಿದಷ್ಟರಲ್ಲಿ ಬೀಳುವ ಗೇರು. 2016ರಲ್ಲಿ ಹತ್ತು ಲಕ್ಷನೇ ಕಾರು ತಯಾರಾಯಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೆ ಇಲ್ಲ. ಕಾರು ಓಡಿಸುವುದನ್ನು ಪ್ರೀತಿಸುವವರನ್ನು ಕೇಳಿ, ಇದರ ಹೆಸರು ಬಂದೇ ಬರುತ್ತದೆ.

ಇಂಥ ಕಾರಿಗೆ ಬ್ರಿಟನ್ನಿನಲ್ಲಿ ಅಂಟಿದ ಹೆಸರು ಹೇರ್ ಡ್ರೆಸ್ಸರ್‌ಗಳ ಕಾರು ಅಂತ. ಅದನ್ನು ಬೈಗುಳದ ಹಾಗೆ ಹೇಳುತ್ತಾರೆ. ಕೂದಲು ಕತ್ತರಿಸುವವರು ಇಡೀ ದಿನ ನಿಂತು, ಕೈಯ ಅಳತೆಯ ಮೇಲೆ ಬದುಕುವವರು. ಅವರ ಕಾರು ಅಂದರೆ ಅವಮಾನ ಹೇಗಾಗುತ್ತದೆ? ಆ ಮಾತಿನ ಒಳಗಿರುವುದು ಹೆಂಗಸರ ಕಾರು ಅನ್ನುವ ತಾತ್ಸಾರ. ಹೆಂಗಸರು ಇಷ್ಟಪಟ್ಟರೆ ಅದು ನಿಜವಾದ ಸ್ಪೋರ್ಟ್ಸ್ ಕಾರು ಆಗಲಾರದು ಅನ್ನುವ ಲೆಕ್ಕ. ಈ ಕೆಲಸದಲ್ಲಿರುವ ಹೆಂಗಸಾಗಿ ನನಗೆ ಇದು ಸಿಟ್ಟು ತರಿಸುತ್ತದೆ. ಬಾನೆಟ್ ಎತ್ತಿ ನಿಂತಾಗ "ಮೆಕ್ಯಾನಿಕ್ ಯಾವಾಗ ಬರ್ತಾರೆ ಮೇಡಂ?" ಅಂತ ಕೇಳಿಸಿಕೊಂಡವಳು ನಾನು. ಬಿಎಂಡಬ್ಲ್ಯು ಚಾಲಕರ ಮೇಲಿನ ಮಾತು ಕನಿಷ್ಠ ಯಾರೋ ಮಾಡಿದ ತಪ್ಪಿನಿಂದ ಹುಟ್ಟಿತು. ಇದರಲ್ಲಿ ಯಾರೂ ಏನೂ ತಪ್ಪು ಮಾಡಿಲ್ಲ.

ಇತ್ತೀಚೆಗೆ ಒಬ್ಬ ಹುಡುಗ ಮೊದಲ ಪೀಳಿಗೆಯ ಎಂಎಕ್ಸ್-5 ನೋಡಿಕೊಡಿ ಅಂತ ಕರೆದ. ಗೆಳೆಯರು ಆಡಿಕೊಳ್ಳುತ್ತಾರೆ ಅನ್ನುವ ಹಿಂಜರಿಕೆ ಅವನಿಗೆ. "ಮೇಡಂ, ಇದು ಗಂಡಸರು ಓಡಿಸೋ ಕಾರಾ?" ಅಂತ ಕೇಳಿಯೇಬಿಟ್ಟ. ಓಡಿಸಿ ನೋಡಿ, ಆಮೇಲೆ ನೀವೇ ಹೇಳಿ ಅಂದೆ. ಒಂದು ಸುತ್ತು ಹೋಗಿ ಬಂದ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ, ಬೆಲೆ ಎಷ್ಟಕ್ಕೆ ಇಳಿಸಬಹುದು ಅಂತ ಕೇಳಿದ.

ನೀವೂ ಈ ಕಾರು ನೋಡಲು ಹೋಗುವುದಾದರೆ ಗಮನ ಕೊಡಬೇಕಾದದ್ದು ಬೇರೆಯದೇ ಜಾಗಕ್ಕೆ. ಮಡಚುವ ಟಾಪಿನ ಎರಡೂ ಬದಿ, ಸೀಟುಗಳ ಹಿಂದೆ, ಮಳೆ ನೀರು ಇಳಿದು ಹೋಗಲು ತೂತುಗಳಿರುತ್ತವೆ. ಎಲೆ, ಮಣ್ಣು ಕೂತು ಅವು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ಸೇರುತ್ತದೆ. ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗಿನ ಪೇಂಟ್ ಚೆನ್ನಾಗೇ ಕಾಣುತ್ತಿರುತ್ತದೆ. ಹಿಂದಿನ ಚಕ್ರದ ಮುಂಭಾಗದಲ್ಲಿ ಸಿಲ್ಲನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಮೆತ್ತಗಿದ್ದರೆ ಬೇಡ. ಗಟ್ಟಿಯಾಗಿದ್ದರೆ ಒಂದು ಲೋಟ ನೀರು ಆ ತೂತಿಗೆ ಬಿಟ್ಟು ಕಾರಿನ ಕೆಳಗೆ ಇಳಿಯುತ್ತಾ ನೋಡಿ. ಇಳಿದರೆ ಬೆಲೆ ಮಾತಾಡಿ.